ನಾಲ್ಕು ಫ್ಯಾನಿನ ದೊಡ್ಡಕ್ಕ

ನಾನು ಈ ಮನೆಗೆ ಬಂದು ಮೂವತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಮ್ಮ ಅತ್ತೆ ಯಾರನ್ನಾದರೂ ಬಾಯಿ ತುಂಬ ಹೊಗಳಿದ್ದನ್ನು ನಾನು ಕೇಳಿಲ್ಲ. ಅಡುಗೆ ರುಚಿಯಾಗಿದ್ದರೆ 'ಬೆಂದಿದೆ' ಅನ್ನುತ್ತಾರೆ. ಮಗ ಸುಟ್ಟುಹೋದ ಮೋಟಾರೊಂದರ ಮುಂದೆ ಮೂರು ದಿನ ಕೂತು, ಹಳೆಯ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು, ಒಣಗಿಸಿ, ಸ್ವಿಚ್ ಒತ್ತಿ ತೋರಿಸಿದರೆ 'ತಿರುಗ್ತದೆ' ಅನ್ನುತ್ತಾರೆ. ಅವರ ಮೆಚ್ಚುಗೆ ಅಲ್ಲಿಗೆ ಮುಗಿಯಿತು. ಅದರಾಚೆಗೂ ಒಂದು ಮಾತಿದೆ, ಒಂದಲ್ಲ ಒಂದು ದಿನ ಅದು ಅಮ್ಮನ ಬಾಯಿಂದ ಬಿದ್ದೇ ಬೀಳುತ್ತದೆ ಎಂದು ನಮ್ಮವರು ಐವತ್ತಾರು ವರ್ಷದಿಂದ ಕಾಯುತ್ತಿದ್ದಾರೆ. ತಲೆಗೂದಲೆಲ್ಲ ಕಾದು ಕಾದು ಬೇಸತ್ತು ಹೊರಟುಹೋಯಿತು, ಅವರು ಮಾತ್ರ ಬಿಟ್ಟಿಲ್ಲ. ಬಾಂಬರ್ ವಿಮಾನದ ಮೇಲೆ ಹಾಡು ಕಟ್ಟುವ ಹುಚ್ಚು ಅವರಿಗೆ ಹಿಡಿದದ್ದು ಈ ಕಾರಣಕ್ಕೆ. ದೇಶಪ್ರೇಮ ಆಮೇಲೆ ಬಂದು ಸೇರಿಕೊಂಡಿತು.

ವಿಮಾನ ನಮ್ಮ ಊರಿಗೆ ಬಂದದ್ದು ಲಾರಿಯ ಮೇಲೆ, ಮೂರು ತುಂಡಾಗಿ. ಯುದ್ಧದ ಕಾಲದಲ್ಲಿ ನಮ್ಮ ಕಡೆಯವರು ಹಾರಿಸುತ್ತಿದ್ದ ನಾಲ್ಕು ಎಂಜಿನ್ನಿನ ಬಾಂಬರ್ ಅದು. ಯುದ್ಧ ಮುಗಿದ ಮೇಲೆ ಯಾವುದೋ ಗೋದಾಮಿನ ಹಿಂದೆ ಪಾರಿವಾಳಗಳಿಗೆ ಮನೆಯಾಗಿ ಬಿದ್ದಿತ್ತು. ಅದನ್ನು ಹಾರಿಸುತ್ತಿದ್ದ ಹುಡುಗರು ಪ್ರೀತಿಯಿಂದ ಅದಕ್ಕೆ 'ದೊಡ್ಡಕ್ಕ' ಎಂದು ಹೆಸರಿಟ್ಟು ಮೂತಿಯ ಮೇಲೆ ಬರೆಸಿದ್ದರಂತೆ. ಅದನ್ನು ಪಾರ್ಕಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಲು ಒಂದು ಸ್ಮಾರಕ ಸಮಿತಿ ಹುಟ್ಟಿಕೊಂಡಿತು. ಅಧ್ಯಕ್ಷರು ಪೇಂಟ್ ಅಂಗಡಿಯವರು. ಹಾಗಾಗಿ ಎಲ್ಲಕ್ಕಿಂತ ಮೊದಲು ಆದ ಕೆಲಸ ಪೇಂಟಿಂಗ್.

ಮೂತಿಯ ಪಕ್ಕದಲ್ಲಿ ಪುಟ್ಟ ಪುಟ್ಟ ಬಾಂಬುಗಳ ಚಿತ್ರಗಳಿದ್ದವು. ಒಂದು ಸಲ ಹೋಗಿ ಬಾಂಬು ಹಾಕಿ ಬಂದರೆ ಒಂದು ಚಿತ್ರ. ಒಟ್ಟು ಇಪ್ಪತ್ತೇಳು. ಪೇಂಟರ್ ಅವನ್ನು ಹತ್ತತ್ತರಂತೆ ಮೂರು ಸಾಲಿನಲ್ಲಿ ಬರೆಯಲು ಹೊರಟ, ಕೊನೆಯ ಸಾಲಿಗೆ ಮೂರು ಕಡಿಮೆ ಬಿದ್ದವು. ನೋಡಲು ಚೆನ್ನಾಗಿರಲಿ ಎಂದು ಅವನೇ ಇನ್ನೂ ಮೂರು ಬರೆದ. ಹೀಗೆ ಯುದ್ಧ ಮುಗಿದು ಇಷ್ಟು ವರ್ಷವಾದ ಮೇಲೆ ದೊಡ್ಡಕ್ಕ ಮತ್ತೆ ಮೂರು ಸಲ ಹೋಗಿ ಯಾರದೋ ಊರುಗಳ ಮೇಲೆ ಬಾಂಬು ಹಾಕಿ ಬಂದಳು. ಸಮಿತಿಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ಉದ್ಘಾಟನೆಗೆ ಒಂದು ಹಾಡು ಬೇಕು, ಅದು ಊರಿನವರೇ ಕಟ್ಟಿ ಮನೆಯಲ್ಲೇ ರೆಕಾರ್ಡ್ ಮಾಡಿದ್ದಾಗಿರಬೇಕು, ಮೊದಲು ಪದ ಬರೆದು ಕೊಡಬೇಕು ಎಂದು ಸಮಿತಿ ಎಲ್ಲ ಕಡೆ ಚೀಟಿ ಅಂಟಿಸಿತು. ಬಂದದ್ದು ಮೂರು. ಒಂದು, ಯಾರದೋ ಮದುವೆಗೆಂದು ಬರೆದ ಹಾಡಿನಲ್ಲಿ ಮದುಮಗಳಿದ್ದ ಕಡೆಯೆಲ್ಲ ವಿಮಾನ ಎಂದು ತಿದ್ದಿದ್ದು. 'ನಾಚಿ ತಲೆ ತಗ್ಗಿಸಿದ ವಿಮಾನವೇ' ಎಂಬಲ್ಲಿ ಸಿಕ್ಕಿಬಿತ್ತು. ಎರಡನೆಯದನ್ನು ಬರೆದವರು ಅಧ್ಯಕ್ಷರ ಜೊತೆ ಮಾತು ಬಿಟ್ಟವರು. ಮೂರನೆಯದು ನಮ್ಮವರದು. ಇಂಥ ಬಿರುಸಿನ ಪೈಪೋಟಿಯಲ್ಲಿ ನಮ್ಮವರು ಗೆದ್ದರು.

ಪದ ಬರೆದ ಕಥೆಯನ್ನು ಹೇಳಿಬಿಡುತ್ತೇನೆ. ನಾನು ಕಚೇರಿಯ ಎದುರು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಟೈಪ್ ಮಾಡಿಕೊಡುವವಳು. ಅಕ್ಷರದ ಕೆಲಸ ಬಂದರೆ ಮನೆಯಲ್ಲಿ ನನ್ನ ಕಡೆಗೇ ತಳ್ಳುತ್ತಾರೆ. ನಮ್ಮವರ ಮೊದಲ ಕರಡು ಹೀಗಿತ್ತು: 'ಒಂದೊಂದು ಎಂಜಿನ್ನಿಗೆ ಹದಿನಾಲ್ಕು ಸಿಲಿಂಡರು, ನಿಮಿಷಕ್ಕೆ ಎರಡು ಸಾವಿರದ ನಾನೂರು ಸುತ್ತು.'

"ರೀ, ಇದು ಹಾಡೋ, ಬಿಡಿಭಾಗದ ಪಟ್ಟಿಯೋ?" ಎಂದೆ.

"ಸುತ್ತು ಬರಲೇಬೇಕು," ಎಂದರು. "ಸುತ್ತು ಹೇಳದೆ ಎಂಜಿನ್ ಬಗ್ಗೆ ಇನ್ನೇನು ಹೇಳೋದು?"

"ಧೈರ್ಯ, ತ್ಯಾಗ, ಮೋಡ. ಜನ ಇದನ್ನೆಲ್ಲ ಹಾಕ್ತಾರೆ."

ಎರಡು ವಾರ ಅವರು ಮೋಟಾರಿಗೆ ತಂತಿ ಸುತ್ತುತ್ತಾ ತುಟಿಯಲ್ಲಿ ಪ್ರಾಸ ಸುತ್ತಿದರು. ಯುದ್ಧ ಕಂಡವರನ್ನು ಕೇಳಿದರೆ ವಿಷಯ ಸಿಗುತ್ತದೆ ಎಂದು ಅಮ್ಮನ ಹತ್ತಿರವೂ ಹೋಗಿ ಕೂತರು. ಯುದ್ಧದ ಕಾಲದಲ್ಲಿ ಅತ್ತೆ ಇದೇ ಊರಿನಲ್ಲಿ ಏಳು ವರ್ಷದ ಹುಡುಗಿ.

"ಅಮ್ಮಾ, ಯುದ್ಧ ಹೇಗಿತ್ತು?" ಎಂದು ಅವರ ಕಿವಿಯ ಹತ್ತಿರ ಕೂಗಿದರು. ಐದಾರು ವರ್ಷದಿಂದ ಅತ್ತೆಗೆ ಕಿವಿ ಮಂದ.

"ಸಕ್ಕರೆ ಸಿಗ್ತಿರಲಿಲ್ಲ," ಎಂದರು ಅತ್ತೆ.

"ಆಮೇಲೆ?"

"ಆಮೇಲೆ ಸಿಕ್ತು."

ಯುದ್ಧದ ಬಗ್ಗೆ ನಮ್ಮ ಮನೆಯಲ್ಲಿದ್ದ ಚರಿತ್ರೆ ಇಷ್ಟೇ. ಸಕ್ಕರೆಗೆ ಪ್ರಾಸ ಹುಡುಕಲು ನಮ್ಮವರು ಒಂದು ದಿನ ಹೆಣಗಿ ಕೈಬಿಟ್ಟರು. ಕೊನೆಗೆ ಮೂಡಿದ ಮೊದಲ ಚರಣ ಇದು:

ನಾಲ್ಕು ಎಂಜಿನ್ನಿನ ನಮ್ಮ ಹಕ್ಕಿ,
ಮೋಡದ ಮೇಲೆ ಹೊಳೆವ ಚುಕ್ಕಿ,
ಹಗೆಯ ಊರಿಗೆ ಹಾರಿತು ನುಗ್ಗಿ,
ಬಂತು ಮರಳಿ ಮನೆಗೆ ಹಿಗ್ಗಿ.

ಕೆಟ್ಟದ್ದೇನಲ್ಲ. ಎರಡನೆಯ ಚರಣದಲ್ಲಿ ಸುತ್ತು, ಸಿಲಿಂಡರು ಎಲ್ಲ ಹಿಂಬಾಗಿಲಿನಿಂದ ಒಳಗೆ ಬಂದವು. ಮೂರನೆಯದನ್ನು ಸಮಿತಿಯ ಆಗ್ರಹದ ಮೇಲೆ ಬರೆದದ್ದು: 'ಪೇಂಟು ಬಳಿದು ಹೊಸತು ಮಾಡಿ, ದೊಡ್ಡಕ್ಕನ ತಂದರು ನೋಡಿ, ಅಧ್ಯಕ್ಷರ ಕೈಯ ಮೋಡಿ.' ಈ ಚರಣವನ್ನು ಓದಿದ ಅಧ್ಯಕ್ಷರು, ತಮಗೆ ಇದೆಲ್ಲ ಇಷ್ಟವಾಗುವುದಿಲ್ಲ, ಆದರೆ ಕವಿಯ ಕೈ ಕಟ್ಟಬಾರದು ಎಂದರು.

ಇನ್ನು ರೆಕಾರ್ಡಿಂಗ್. ಅದಕ್ಕೆ ನನ್ನ ತಮ್ಮ ಬಂದ. ಅವನು ಕಿವಿ ಕೇಳಿಸದವರಿಗೆ ಮಷೀನು ಮಾರುವ ಅಂಗಡಿಯಲ್ಲಿದ್ದಾನೆ. ಬೀದಿಯವರೆಲ್ಲ ಅವನನ್ನು ಕಿವಿ ಡಾಕ್ಟರ್ ಎಂದು ಕರೆಯುತ್ತಾರೆ, ಅವನೂ ಬೇಡ ಅನ್ನುವುದಿಲ್ಲ. ಒಳ್ಳೆಯ ಮೈಕು, ಕಂಪ್ಯೂಟರು, ಇಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ ಎಲ್ಲ ಹೊತ್ತು ತಂದ.

"ಭಾವ, ಹಳೇ ವಿಮಾನದ ಸದ್ದು ಫೋನಲ್ಲಿ ಬೇಕಾದಷ್ಟು ಸಿಗುತ್ತೆ. ಒಂದು ತಗೊಂಡು ಹಾಡಿನ ಹಿಂದೆ ಹಾಕೋಣ," ಎಂದ.

ಸುಟ್ಟ ಮೋಟಾರು ಹಿಡಿದು ಬಂದ ಗಿರಾಕಿ, ಬೇಡ ಬಿಡಿ, ಹೊಸದೇ ತಗೊಳ್ತೀನಿ ಎಂದರೆ ನಮ್ಮವರ ಮುಖ ಹೇಗಾಗುತ್ತದೋ ಹಾಗಾಯಿತು. "ಅವನ್ನೆಲ್ಲ ಕೇಳಿದ್ದೀನಿ. ಬರೀ ತಗಡು. ಸದ್ದಿನ ವಿಷಯ ನನಗೆ ಬಿಡು," ಎಂದರು.

ಅದರಲ್ಲಿ ಜಂಬ ಇರಲಿಲ್ಲ. ನಮ್ಮವರ ಕಿವಿ ಅಂಥದ್ದು. ರಸ್ತೆಯಾಚೆಯ ಮನೆಯಲ್ಲಿ ಮಿಕ್ಸಿ ತಿರುಗಿದರೆ ನಮ್ಮ ಜಗುಲಿಯಲ್ಲಿ ಕೂತು, "ಬುಷ್ ಹೋಗಿದೆ, ವಾರದೊಳಗೆ ಬರ್ತಾರೆ," ಅನ್ನುತ್ತಾರೆ. ಆ ಮನೆಯವರು ಐದನೆಯ ದಿನ ಮಿಕ್ಸಿಯನ್ನು ಚೀಲದಲ್ಲಿಟ್ಟುಕೊಂಡು ಬಂದು ನಿಲ್ಲುತ್ತಾರೆ.

ಭಾನುವಾರ ಮಧ್ಯಾಹ್ನ, ಬೀದಿ ಉಂಡು ಮಲಗಿದ್ದ ಹೊತ್ತಿನಲ್ಲಿ, ರಿಪೇರಿಯಾಗಿ ಮಾಲೀಕರಿಗಾಗಿ ಕಾಯುತ್ತಿದ್ದ ನಾಲ್ಕು ಟೇಬಲ್ ಫ್ಯಾನುಗಳನ್ನು ಅವರು ಅಂಗಡಿಯಿಂದ ತಂದು ನಡುಮನೆಯ ಮರದ ಬೆಂಚಿನ ಮೇಲೆ ಸಾಲಾಗಿಟ್ಟರು. ಸದ್ದು ದಪ್ಪಗಾಗಲಿ ಎಂದು ಮೈಕನ್ನು ಖಾಲಿ ನೀರಿನ ಡ್ರಮ್ಮಿನೊಳಗೆ ಇಳಿಬಿಟ್ಟರು. ನಾಲ್ಕೂ ಒಂದೇ ವೇಗದಲ್ಲಿ ತಿರುಗಿದಾಗ ಸದ್ದು ಎಳೆದು ಕಟ್ಟಿದ ದಾರದಂತೆ ಒಂದೇ ಸಮ ಬಂತು. ಕಿವಿ ಡಾಕ್ಟರ್ ತಲೆದೂಗಿದ. ನಮ್ಮವರು ಮುಖ ಸಿಂಡರಿಸಿದರು.

"ಜೀವ ಇಲ್ಲ," ಎಂದು ಎರಡು ಫ್ಯಾನುಗಳ ವೇಗವನ್ನು ಕೂದಲೆಳೆಯಷ್ಟು ಇಳಿಸಿದರು.

ಆಗ ಸದ್ದು ಏಳತೊಡಗಿತು, ಬೀಳತೊಡಗಿತು. ವೂಂ... ವೂಂ... ವೂಂ... ಯಾವುದೋ ದೊಡ್ಡ ಪ್ರಾಣಿ ಉಸಿರು ಬಿಡುತ್ತಾ ಹತ್ತಿರ ಬಂದಂತೆ. ಸುಳ್ಳು ಯಾಕೆ ಹೇಳಲಿ, ನನಗೆ ಗಂಡನ ಮೇಲೆ ಬಹಳ ದಿನದ ಮೇಲೆ ಹೆಮ್ಮೆ ಎನಿಸಿತು.

"ಈಗ ಬಂತು," ಎಂದರು ಅವರು.

ಹಾಡುವುದಕ್ಕೆ ಬಟ್ಟೆ ಬೀರುವಿನೊಳಗೆ ಹೋದರು. ಕೋಟು, ರಗ್ಗುಗಳ ನಡುವೆ ನಿಂತರೆ ದನಿ ಗೋಡೆಗೆ ಬಡಿದು ಮರಳುವುದಿಲ್ಲವಂತೆ. ಬಾಗಿಲ ಸಂದಿನಿಂದ ಒಂದು ವೈರು ಮಾತ್ರ ಹೊರಗೆ ಬಂದಿತ್ತು. ಒಳಗಿನಿಂದ ಒಬ್ಬ ಗಂಡಸು ನುಸಿಗುಳಿಗೆಯ ವಾಸನೆಯಲ್ಲಿ ಹಗೆಯ ಊರಿಗೆ ನುಗ್ಗುತ್ತಿದ್ದ. ಎರಡು ಸಲ ಸೀನಿದ. ಮೂರನೆಯ ಸಲಕ್ಕೆ ಹಾಡು ಸರಿಯಾಗಿ ಬಂತು. ಕಿವಿ ಡಾಕ್ಟರ್ ಹಾಡನ್ನೂ ಸದ್ದನ್ನೂ ಕೂಡಿಸಿದ. ಕೇಳಿ ನೋಡುವ ಹೊತ್ತು ಬಂದಾಗ ನಮ್ಮವರು ಬೆವರು ಒರೆಸಿಕೊಂಡು, "ಅಮ್ಮನ್ನ ಕರಿ," ಎಂದರು.

ಕರೆಯಬೇಕಾಗಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಪೆಟ್ಟಿಗೆಯಿಂದ ವೂಂ ಎಂದು ಸದ್ದು ಹೊರಟಿತೋ ಇಲ್ಲವೋ, ಎದ್ದರು. ಮೊದಲು ಒಲೆ ಆರಿಸಿದರು. ನನ್ನ ಆಲೂಗಡ್ಡೆ ಅರ್ಧ ಬೆಂದಿತ್ತು. ಬಕೆಟ್ಟಿಗೆ ನೀರು ಬಿಟ್ಟು ತುಂಬಿಸಿದರು. ನಡುಮನೆಗೆ ಬಂದು ಕಿಟಕಿಯ ಪರದೆ ಎಳೆದರು. ಆಮೇಲೆ ಮಗನ ಹತ್ತಿರ ಬಂದು ಅವರ ಶರ್ಟಿನ ಚುಂಗು ಹಿಡಿದು ಎಳೆದರು.

"ಬಾ," ಎಂದರು.

"ಇರಮ್ಮ, ಪೂರ್ತಿ ಕೇಳು," ಎಂದು ನಮ್ಮವರು ಶರ್ಟು ಬಿಡಿಸಿಕೊಂಡರು.

ಅತ್ತೆ ಅವರನ್ನೊಮ್ಮೆ ನೋಡಿದರು. ನನ್ನನ್ನು ನೋಡಿದರು. ಮೆಟ್ಟಿಲ ಕೆಳಗೆ ಪೊರಕೆ ಇಡುವ ಗೂಡಿನೊಳಗೆ ನುಸುಳಿ ಬಾಗಿಲು ಎಳೆದುಕೊಂಡರು. ಹಾಡು ಮುಗಿದ ಮೇಲೆ ಹೊರಗೆ ಬಂದು ಮತ್ತೆ ಒಲೆ ಹಚ್ಚಿದರು.

ಬುದ್ಧಿ ಇದ್ದವರಿಗೆ ಅಷ್ಟಕ್ಕೇ ಎಲ್ಲ ಗೊತ್ತಾಗಬೇಕಿತ್ತು. ನಮಗೆ ಗೊತ್ತಾದದ್ದು ಒಂದೇ, ಅತ್ತೆಗೆ ಹಾಡು ಇಷ್ಟವಾಗಿಲ್ಲ. ಹಿಡಿಸದಿದ್ದರೆ ಬಾಯಲ್ಲಿ ಹೇಳಬಾರದೇ, ಪೊರಕೆಯ ಜೊತೆ ಹೋಗಿ ಕೂರಬೇಕೇ ಎಂದು ನನಗೆ ಸಿಟ್ಟು ಬಂತು.

"ಯಾಕತ್ತೆ, ಹಾಡು ಸರಿಯಿಲ್ವಾ?" ಎಂದು ಕೇಳಿದೆ.

"ಯಾವ ಹಾಡು?" ಎಂದರು.

ಇದಕ್ಕಿಂತ ಖಾರದ ವಿಮರ್ಶೆಯನ್ನು ನಾನು ಕೇಳಿಲ್ಲ. ನಮ್ಮವರು ಎರಡು ದಿನ ಅಂಗಡಿಯಲ್ಲಿ ಯಾರ ಮಿಕ್ಸಿಯ ಬಗ್ಗೆಯೂ ಮಾತಾಡಲಿಲ್ಲ.

ಕಿವಿ ಡಾಕ್ಟರ್ ಸಮಾಧಾನ ಮಾಡಲು ಬಂದ. "ಭಾವ, ಅಮ್ಮಂಗೆ ಪದ ಕೇಳಿಸಿಲ್ಲ, ಅಷ್ಟೇ. ವಯಸ್ಸಾದಾಗ ಮೊದಲು ಹೋಗೋದು ಸಣ್ಣ ದನಿ. ಮಾತು ಹೋಗುತ್ತೆ, ದಪ್ಪ ಸದ್ದು ಕೊನೇವರೆಗೂ ಉಳಿಯುತ್ತೆ," ಎಂದು ವಿವರಿಸಿ, ಅತ್ತೆಯ ಕಿವಿಗೆ ಒಂದು ಮಷೀನು ಸಿಕ್ಕಿಸಿ ಹೋದ. ಅದು ಎರಡನೆಯ ದಿನ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಆಗ ಭಾವ, ಭಾವಮೈದ ಇಬ್ಬರೂ ತಲೆಗೆ ತಲೆ ಕೊಟ್ಟು ಯೋಚಿಸಿ, ಅಮ್ಮನಿಗೆ ಯಾವುದು ಕೇಳಿಸುತ್ತದೋ ಅದನ್ನೇ ಹೆಚ್ಚು ಮಾಡೋಣ ಎಂದು ತೀರ್ಮಾನಿಸಿದರು. ಅಂದರೆ ದಪ್ಪ ಸದ್ದನ್ನು. ಪ್ರೀತಿಯಿಂದ ಮಾಡಿದ್ದು. ಈಗ ಪೆಟ್ಟಿಗೆ ಹಾಕಿದರೆ ಮೇಜಿನ ಮೇಲಿನ ಚಮಚಗಳು ತಾವಾಗಿ ನಡೆದಾಡುತ್ತಿದ್ದವು.

ಎರಡನೆಯ ಸಲ ಅತ್ತೆ ಮೊದಲ ಸಾಲಿಗೂ ಕಾಯಲಿಲ್ಲ. ಒಲೆ, ಬಕೆಟ್ಟು, ಪರದೆ, ಶರ್ಟಿನ ಚುಂಗು, ಗೂಡು. ಮೂರನೆಯ ಸಲ ಒಂದು ದಿಂಬನ್ನೂ ಜೊತೆಗೆ ಒಯ್ದರು. ನಾಲ್ಕನೆಯ ಸಲ ನನ್ನ ಕೈಯನ್ನೂ ಹಿಡಿದೆಳೆದರು. ನಾನು ಅರ್ಜಿ ಟೈಪ್ ಮಾಡುತ್ತಿದ್ದೆ. "ಬಿಡಿ ಅತ್ತೆ, ಕೆಲಸ ಇದೆ," ಎಂದು ಕೊಸರಿಕೊಂಡೆ. ಆ ನಾಲ್ಕೂ ಸಲ ನಮ್ಮವರು ಶರ್ಟು ಬಿಡಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

"ಉದ್ಘಾಟನೆ ದಿನ ಎಲ್ಲಿಗೆ ಹೋಗ್ತಾಳೆ ನೋಡ್ತೀನಿ," ಎಂದರು ಅವರು. "ಮುಂದಿನ ಸಾಲಿನಲ್ಲಿ ಕೂರಿಸ್ತೀನಿ. ಅಲ್ಲಿ ಮೆಟ್ಟಿಲೂ ಇಲ್ಲ, ಗೂಡೂ ಇಲ್ಲ. ಮೂರು ನಿಮಿಷ ಕೂತು ಕೇಳಲೇಬೇಕು."

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಉದ್ಘಾಟನೆ. ದೊಡ್ಡಕ್ಕ ಕಬ್ಬಿಣದ ಕಾಲುಗಳ ಮೇಲೆ ಮಿರಮಿರನೆ ಹೊಳೆಯುತ್ತಾ ನಿಂತಿದ್ದಳು. ಹತ್ತಿರ ಹೋದವರ ಬಟ್ಟೆಗೆ ಬಣ್ಣ ಅಂಟುತ್ತಿತ್ತು. ಸಮಿತಿಯವರು ಅವಳನ್ನು ಹಾರಿಸಿದ ವೀರರನ್ನು ಸನ್ಮಾನಿಸಬೇಕೆಂದು ಹುಡುಕಿದ್ದರು, ಒಬ್ಬರೂ ಬದುಕಿರಲಿಲ್ಲ. ಆದ್ದರಿಂದ 'ಯುದ್ಧ ಕಂಡ ಹಿರಿಯರು' ಎಂದು ಎಂಬತ್ತು ದಾಟಿದ, ಕುರ್ಚಿಯವರೆಗೆ ನಡೆಯಬಲ್ಲ ಹನ್ನೆರಡು ಮಂದಿಯನ್ನು ಒಟ್ಟುಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿ, ಕೈಗೊಂದು ಕಾಗದದ ಬಾವುಟ ಕೊಟ್ಟಿದ್ದರು. ಅತ್ತೆಯೂ ಅದರಲ್ಲೊಬ್ಬರು. ಪಕ್ಕದಲ್ಲಿ ಗರಿಗರಿ ಇಸ್ತ್ರಿಯ ಶರ್ಟು ಹಾಕಿಕೊಂಡು ನಮ್ಮವರು. ಹಿಂದಿನ ಸಾಲಿನಲ್ಲಿ ನಾನು.

ಅಧ್ಯಕ್ಷರು ಶಾಂತಿಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಹಿರಿಯರಲ್ಲಿ ಎಂಟು ಮಂದಿ ನಿದ್ದೆ ಹೋದರು. ಆಮೇಲೆ, "ನಮ್ಮೂರಿನವರೇ ಮನೆಯಲ್ಲಿ ತಯಾರಿಸಿದ ಹಾಡು," ಎಂದು ಹೇಳಿ ಕೈ ಎತ್ತಿದರು. ಎಂಟು ದೊಡ್ಡ ಪೆಟ್ಟಿಗೆಗಳಿಂದ ನಾಲ್ಕು ಟೇಬಲ್ ಫ್ಯಾನುಗಳು ಪಾರ್ಕಿನ ಮೇಲೆ ಹಾರಿ ಬಂದವು.

ವೂಂ... ವೂಂ... ವೂಂ...

ಮೊದಲು ಎದ್ದವರು ಟೋಪಿ ಹಾಕಿಕೊಂಡಿದ್ದ ಹಳೆಯ ಅಂಚೆಯವರು. ನಿದ್ದೆಯಿಂದ ನೇರವಾಗಿ ಎದ್ದರು. ಅವರ ಹಿಂದೆ ಅಕ್ಕತಂಗಿಯರಿಬ್ಬರು ಕೈಕೈ ಹಿಡಿದುಕೊಂಡು ಎದ್ದರು. ಕೋಲಿಲ್ಲದೆ ಹೆಜ್ಜೆ ಇಡಲಾಗದು ಎಂದು ಅರ್ಧ ಗಂಟೆಯಿಂದ ಎಲ್ಲರಿಗೂ ಹೇಳುತ್ತಿದ್ದ ಅಜ್ಜಿ ಕೋಲನ್ನು ಕುರ್ಚಿಯಲ್ಲೇ ಬಿಟ್ಟು ಹೊರಟರು. ಕೂಗಾಟವಿಲ್ಲ, ನೂಕಾಟವಿಲ್ಲ. ಯಾರೋ ಚೆನ್ನಾಗಿ ಅಭ್ಯಾಸ ಮಾಡಿಸಿದಂತೆ ಹನ್ನೆರಡು ಮಂದಿಯೂ ತಲೆ ತಗ್ಗಿಸಿಕೊಂಡು ನಡೆದರು. ಆ ಬಯಲಿನಲ್ಲಿ ತಲೆಯ ಮೇಲೆ ಸೂರು ಎನ್ನುವಂಥದ್ದು ಇದ್ದದ್ದು ಒಂದೇ, ವಿಮಾನದ ಹೊಟ್ಟೆ. ಬಾಂಬರಿನ ಅಡಿಯಲ್ಲಿ ಹೋಗಿ ಕುಕ್ಕರಗಾಲಿನಲ್ಲಿ ಕೂತರು.

"ನೋಡಿ, ನಮ್ಮ ಹಿರಿಯರು ದೊಡ್ಡಕ್ಕನ ಮಡಿಲಿಗೆ ಹೋಗ್ತಾ ಇದ್ದಾರೆ," ಎಂದು ಅಧ್ಯಕ್ಷರು ಮೈಕಿನಲ್ಲಿ ಗದ್ಗದಿತರಾದರು. ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಓಡೋಡಿ ಹೋಗಿ ತೆಗೆದ.

ಅತ್ತೆ ಎದ್ದವರೇ ಮಗನ ಶರ್ಟಿನ ಚುಂಗು ಹಿಡಿದಿದ್ದರು. ಊರಿನ ಎದುರು, ಇಸ್ತ್ರಿಯ ಶರ್ಟಿನಲ್ಲಿ, ಈ ಸಲ ಅವರು ಕೊಸರಾಡುವಂತಿರಲಿಲ್ಲ. ಬಗ್ಗಿಕೊಂಡು ಹಿಂದೆ ಹೋದರು. ನಾನೂ ಹೋದೆ. ವಿಮಾನದ ಕೆಳಗೆ ಅತ್ತೆ ಮಗನನ್ನು ಕೂರಿಸಿ, ಕತ್ತು ಬಗ್ಗಿಸಿ, ಆ ಬೋಳು ತಲೆಯ ಮೇಲೆ ತಮ್ಮ ಎರಡೂ ಅಂಗೈ ಮುಚ್ಚಿದರು.

ಅಂಥ ಸ್ಥಿತಿಯಲ್ಲೂ ನಮ್ಮವರು ಕೇಳದೆ ಬಿಡಲಿಲ್ಲ. "ಅಮ್ಮ, ಹಾಡು ಹೇಗಿದೆ?"

"ಹಾಡೆಲ್ಲಿದೆ? ಅವರ ವಿಮಾನ ಬರ್ತಿದೆ. ಬಗ್ಗು."

"ಅದು ಫ್ಯಾನಮ್ಮ. ನಾನೇ ಮಾಡಿದ್ದು. ನಾಲ್ಕು ಟೇಬಲ್ ಫ್ಯಾನು." ಅವರು ಅಮ್ಮನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು. "ಮತ್ತೆ ಅದು ಅವರದಲ್ಲ. ನಮ್ಮ ವಿಮಾನದ ಸದ್ದು."

ಅತ್ತೆ ಕತ್ತೆತ್ತಿ ಕೇಳಿಸಿಕೊಂಡರು. ನಮ್ಮವರು ರಸ್ತೆಯಾಚೆಯ ಮಿಕ್ಸಿಯನ್ನು ಕೇಳಿಸಿಕೊಳ್ಳುವಾಗ ಮಾಡುವ ಮುಖವೇ ಅದು. ಆ ಕಿವಿ ಅವರಿಗೆ ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು.

"ನಮ್ಮದು ಒಂದೇ ಸಮ ಹೋಗೋದು," ಎಂದರು. "ಹೀಗೆ ಎದ್ದು ಬಿದ್ದು ಬರೋದು ಅವರದು. ಸಣ್ಣ ಮಕ್ಕಳಿಗೂ ಗೊತ್ತಿತ್ತು." ಮಗನ ಕಡೆ ತಿರುಗಿ, "ನೀನೇ ಮಾಡಿದ್ದಾ?" ಎಂದರು.

"ಹೂಂ."

"ಒಂಚೂರೂ ಹೆಚ್ಚುಕಡಿಮೆ ಇಲ್ಲ. ಚೆನ್ನಾಗಿ ಮಾಡಿದ್ದೀಯ."

ಐವತ್ತಾರು ವರ್ಷ ಕಾದ ಮಾತು ಕೊನೆಗೂ ಬಂತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ನಮ್ಮವರು ಹಾಗೇ ನೋಡುತ್ತಿದ್ದರು.

"ಹಾಗಾದ್ರೆ ಕೈ ತೆಗಿಯಮ್ಮ. ಏನೂ ಆಗಲ್ಲ."

"ಗೊತ್ತು. ತಲೆಗೆ ಗೊತ್ತು, ಕೈಗೆ ಗೊತ್ತಾಗ್ತಿಲ್ಲ," ಎಂದರು ಅತ್ತೆ. "ನನ್ನ ತಮ್ಮನೂ ಹೀಗೇ ಅಂದ, ಏನೂ ಆಗಲ್ಲ ಬಿಡು ಅಂತ. ಅಂಗಿ ಬಿಡಿಸ್ಕೊಂಡು ವಿಮಾನ ನೋಡೋಕೆ ಓಡಿದ. ಐದು ವರ್ಷ ಅವನಿಗೆ. ಗಟ್ಟಿಯಾಗಿ ಹಿಡ್ಕೋ ಅಂತ ಅಮ್ಮ ಹೇಳಿದ್ದಳು."

ಅತ್ತೆಗೆ ಒಬ್ಬ ತಮ್ಮ ಇದ್ದ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇನೆ, ನನಗೆ ಸಕ್ಕರೆಯ ವಿಷಯ ಮಾತ್ರ ಗೊತ್ತಿತ್ತು. ನಾನು ಕೊಸರಿಕೊಂಡ ಕೈ ನನಗೇ ಬೇಡವೆನಿಸಿತು.

ನಮ್ಮವರು ನನ್ನ ಕಡೆ ತಿರುಗಿದರು. ಅಮ್ಮನ ಅಂಗೈ ಕೆಳಗಿನಿಂದ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ಹೋಗಿ ಪ್ಲಗ್ ಕಿತ್ತುಹಾಕು," ಎಂದರು. "ನನ್ನನ್ನ ಬಿಡಲ್ಲ ಇವಳು. ನಾನು ಇಲ್ಲೇ ಇರ್ತೀನಿ."

ಹೋದೆ. ಅಧ್ಯಕ್ಷರು ಪೆಟ್ಟಿಗೆಗಳ ಪಕ್ಕದಲ್ಲಿ ಎದೆ ಸೆಟೆಸಿ, ಗಲ್ಲ ಎತ್ತಿ, ಮೂರನೆಯ ಚರಣಕ್ಕಾಗಿ ಕಾಯುತ್ತಾ ನಿಂತಿದ್ದರು. ಹಾಡು ಆಗ ಸಿಲಿಂಡರುಗಳನ್ನು ಎಣಿಸಿ ಮುಗಿಸುತ್ತಿತ್ತು. ನಾನು ವೈರಿಗೆ ಕೈ ಹಾಕಿದ್ದನ್ನು ನೋಡಿ ಗಾಬರಿಯಾದರು.

"ಏನಮ್ಮ ಇದು, ಇನ್ನೂ ಒಂದು ಚರಣ ಇದೆ."

"ಗೊತ್ತು ಸಾರ್. ನಾನೇ ಟೈಪ್ ಮಾಡಿದ್ದು," ಎಂದೆ. 'ಪೇಂಟು ಬಳಿದು' ಎಂಬಲ್ಲಿಗೆ ಹಾಡು ನಿಂತಿತು.

ಪಾರ್ಕು ಒಮ್ಮೆಲೇ ತಣ್ಣಗಾಯಿತು. ವಿಮಾನದ ಕೆಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಚೆಯವರು ಕೆಮ್ಮಿದರು. ಒಬ್ಬೊಬ್ಬರಾಗಿ ಹೊರಗೆ ಬಂದು, ಮೊಣಕಾಲಿನ ಮಣ್ಣು ಕೊಡವಿಕೊಂಡು, ಟೀ ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸಿದರು. ಕೋಲಿನ ಅಜ್ಜಿಗೆ ಈಗ ಕೋಲು ಬೇಕಾಯಿತು, ತಂದುಕೊಟ್ಟೆ.

ಕೊನೆಗೆ ಅತ್ತೆ ಮಗನ ಕೈ ಹಿಡಿದುಕೊಂಡು ಬಂದರು. ಮೂತಿಯ ಹತ್ತಿರ ನಿಂತು ಮೇಲೆ ನೋಡಿದರು. "ಇವೇನು ಸಾಲಾಗಿ?"

"ಒಂದು ಸಲ ಬಾಂಬು ಹಾಕಿ ಬಂದರೆ ಒಂದು ಚಿತ್ರ ಅತ್ತೆ," ಎಂದು ಕಿವಿಯಲ್ಲಿ ಹೇಳಿದೆ.

ಅವರು ಬೆರಳು ಮಡಚಿ ಎಣಿಸಿದರು. "ಮೂವತ್ತು ಸಲ ಹೋಗಿತ್ತಾ?"

"ಇಪ್ಪತ್ತೇಳು. ಮೂರು ನಮ್ಮ ಪೇಂಟರ್ ಹಾಕಿದ್ದು."

"ಹಾಗಾದ್ರೆ ಅಲ್ಲಿಯ ಮಕ್ಕಳಿಗೂ ಇದರ ಸದ್ದು ಗುರುತಿರುತ್ತೆ," ಎಂದರು ಅತ್ತೆ. ಯಾರನ್ನೂ ದೂರುವ ದನಿಯಲ್ಲಿ ಅಲ್ಲ, ಬಟಾಣಿ ಬಿಡಿಸುತ್ತಾ ಹೇಳುವಂತೆ. ನಮ್ಮವರು ತಲೆ ಎತ್ತಿ ಆ ಸಾಲುಗಳನ್ನು ಬಹಳ ಹೊತ್ತು ನೋಡಿದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ವಿಮಾನದ ಅಡಿಯಲ್ಲಿ ತಲೆ ಬಗ್ಗಿಸಿ ಕೂತ ಹನ್ನೆರಡು ಮಂದಿ ಮುದುಕರು. ಕೆಳಗೆ, 'ದೊಡ್ಡಕ್ಕನಿಗೆ ತಲೆಬಾಗಿದ ಹಿರಿಯರು' ಎಂದಿತ್ತು. ಅದನ್ನು ನೋಡಿ ಸಮಿತಿಗೆ ಉತ್ಸಾಹ ಬಂದು, ಹಾಡನ್ನು ಪಾರ್ಕಿನಲ್ಲಿ ದಿನಾ ಸಂಜೆ ಐದಕ್ಕೆ ಹಾಕಬೇಕು, ಒಪ್ಪಿಗೆ ಕೊಡಿ, ಮೂರನೆಯ ಚರಣ ಮಾತ್ರ ಕಡ್ಡಾಯ ಎಂದು ಪತ್ರ ಕಳಿಸಿತು. ನಮ್ಮವರು ಹೇಳಿದಂತೆ ನಾನು ಉತ್ತರ ಟೈಪ್ ಮಾಡಿದೆ. ಹಾಡು ಸುಟ್ಟುಹೋಗಿದೆ, ರಿಪೇರಿಗೆ ಬರುವುದಿಲ್ಲ ಎಂದು. ಅವರು ಯಾವ ವಸ್ತುವಿನ ಬಗ್ಗೆಯೂ ಆ ಮಾತು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮುಂದಿನ ಭಾನುವಾರದ ಹೊತ್ತಿಗೆ ಫ್ಯಾನುಗಳು ಅವರವರ ಮನೆ ಸೇರಿದ್ದವು. ಮಧ್ಯಾಹ್ನ ನಾನು ನಡುಮನೆಯಲ್ಲಿ ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದೆ. ಅತ್ತೆ ಬಂದು ಖಾಲಿ ಬೆಂಚಿನ ಮೇಲೆ ಮಗನ ಪಕ್ಕ ಕೂತರು. ಕಿವಿಯಲ್ಲಿ ಮಷೀನು ಇತ್ತು. ಸಕ್ಕರೆ ಡಬ್ಬಿಯಿಂದ ತಾವೇ ತೆಗೆದುಕೊಂಡಿದ್ದರು.

"ಅದೇನೋ ಹಾಡು ಹಾಡು ಅಂತಿದ್ದೆಯಲ್ಲ," ಎಂದರು. "ಹೇಳು, ಕೇಳ್ತೀನಿ."

ನಮ್ಮವರು ನನ್ನನ್ನು ನೋಡಿದರು. ನಾನು ಕೀಲಿಗಳ ಮೇಲಿನಿಂದ ಕೈ ತೆಗೆದೆ. ಅವರು ಅಮ್ಮನ ಕಿವಿಯ ಹತ್ತಿರ ಸರಿದು, ಮೈಕಿಲ್ಲದೆ, ಫ್ಯಾನಿಲ್ಲದೆ, ಬರೀ ಬಾಯಲ್ಲಿ ಶುರುಮಾಡಿದರು. ಅತ್ತೆ ಅವರ ತುಟಿಗಳನ್ನೇ ನೋಡುತ್ತಾ ಕೂತರು. ಎದ್ದು ಹೋಗಲಿಲ್ಲ. 'ನಾಲ್ಕು ಎಂಜಿನ್ನಿನ ನಮ್ಮ ಹಕ್ಕಿ' ಆಯಿತು. 'ಮೋಡದ ಮೇಲೆ ಹೊಳೆವ ಚುಕ್ಕಿ' ಆಯಿತು. ಆಮೇಲೆ ನಮ್ಮವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮುಂದಿನ ಸಾಲು ಹಗೆಯ ಊರಿನದೆಂದು ನನಗೂ ಗೊತ್ತಿತ್ತು.

"ಮುಂದೆ?" ಎಂದರು ಅತ್ತೆ.

"ಅಷ್ಟೇ ಅಮ್ಮ."

"ಎರಡೇ ಸಾಲಾ?"

"ಎರಡೇ."

ಅತ್ತೆ ಮಗನ ಬೋಳು ತಲೆಯನ್ನೊಮ್ಮೆ ಸವರಿದರು.

"ಇಷ್ಟಕ್ಕೆ ನಾಲ್ಕು ಫ್ಯಾನ್ ಬೇಕಿತ್ತಾ?" ಎಂದರು.